ಲ್ಯಾಪ್‌ಟಾಪ್ ಬಿಚ್ಚಿದ್ದು, ಲ್ಯಾಮಿಂಗ್ಟನ್ ರೋಡಿಗೆ ಹೋಗಿದ್ದು

ಡೊಂಬಿವಲಿಯ ನಮ್ಮ ಮನೆಯಲ್ಲಿದ್ದದ್ದು 2017ರ ಲ್ಯಾಪ್‌ಟಾಪ್: ಐ5-7200ಯು ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ಎನ್ವಿಡಿಯಾ 940ಎಂಎಕ್ಸ್ 2 ಜಿಬಿ ಗ್ರಾಫಿಕ್ಸ್. ಆನ್ ಮಾಡಿ ಚಹಾ ಕುಡಿದು ಬಂದರೂ ಡೆಸ್ಕ್‌ಟಾಪ್ ಪೂರ್ತಿ ಬಂದಿರುತ್ತಿರಲಿಲ್ಲ. ಇದಕ್ಕೇ ಒಂದಿಷ್ಟು ದುಡ್ಡು ಹಾಕುವುದೋ, ಗೇಮಿಂಗ್ ಕಂಪ್ಯೂಟರನ್ನೇ ಕೊಳ್ಳುವುದೋ ಎಂಬ ಚರ್ಚೆ 2025ರ ಸೆಪ್ಟೆಂಬರಿನಲ್ಲಿ ಶುರುವಾಗಿ ಜನವರಿಯಲ್ಲಿ ಮುಗಿಯಿತು. ಕೊನೆಗೆ ಎರಡೂ ಆಯಿತು. ನಡುವೆ ತಿಂದ ಪೆಟ್ಟುಗಳಲ್ಲಿ ಅರ್ಧದಷ್ಟನ್ನು ತಪ್ಪಿಸಬಹುದಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ತಳ್ಳಿದ್ದು ತಾರೀಖು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ 8ನೇ ತಲೆಮಾರು, ಎಎಂಡಿಯ ರೈಜೆನ್‌ನಲ್ಲಾದರೆ 2000 ಸರಣಿಯ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. 7200ಯು 7ನೇ ತಲೆಮಾರಿನದು, ಒಂದೇ ಮೆಟ್ಟಿಲಿನಲ್ಲಿ ಜಾರಿತು. ಇಂಥ ಯಂತ್ರ ಇರುವವರು ಅಷ್ಟಕ್ಕೇ ಗಾಬರಿಯಾಗಬೇಡಿ: ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ಇಎಸ್‌ಯು ವ್ಯವಸ್ಥೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ನಾವೂ ಅದನ್ನೇ ಮಾಡಿದೆವು.

ದುಡ್ಡು ತೆಗೆಯುವ ಮುಂಚೆ ಯಂತ್ರ ಎಲ್ಲಿ ಉಸಿರುಗಟ್ಟುತ್ತಿದೆ ಎಂದು ನೋಡಬೇಕು. ಟಾಸ್ಕ್ ಮ್ಯಾನೇಜರ್ ಸಾಕು. ಏನೂ ತೆರೆಯದೆ ಬರೀ ಆನ್ ಮಾಡಿ ಹತ್ತು ನಿಮಿಷ ಬಿಟ್ಟರೂ ಡಿಸ್ಕ್ ಶೇ. 100ರಲ್ಲೇ ಇದ್ದರೆ ಹಾರ್ಡ್‌ಡಿಸ್ಕೇ ಅಡ್ಡಿ. ಬ್ರೌಸರ್, ಎಕ್ಸೆಲ್ ತೆರೆದಾಗ ಮೆಮೊರಿ ಶೇ. 85–90 ದಾಟಿದರೆ ರ‍್ಯಾಮ್ ಸಾಲದು. ಆಟ ನಡೆಯುವಾಗ ಜಿಪಿಯು ಶೇ. 98–99ರಲ್ಲಿದ್ದು ಪ್ರೊಸೆಸರ್ ಅರ್ಧದಲ್ಲಿದ್ದರೆ ಗ್ರಾಫಿಕ್ಸ್ ಚಿಪ್ಪೇ ಗೋಡೆ. ಮೊದಲಿನ ಎರಡಕ್ಕೆ ಲ್ಯಾಪ್‌ಟಾಪಿನಲ್ಲಿ ಮದ್ದಿದೆ. ಮೂರನೆಯದಕ್ಕೆ ಇಲ್ಲ, ಏಕೆಂದರೆ ಆ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಪ್ರೊಸೆಸರಿನದೂ ಅದೇ ಕಥೆ. "ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಕೊಡುತ್ತೇವೆ" ಎನ್ನುವ ರಿಪೇರಿಯವರು ಹೇಳುತ್ತಿರುವುದು ಬೋರ್ಡನ್ನೇ ಬದಲಿಸುವ ಮಾತು.

ನಮ್ಮದರಲ್ಲಿ ಮೂರೂ ಕಾಯಿಲೆ ಇದ್ದವು. ವ್ಯಾಲರಂಟ್ ಕಡಿಮೆ ಸೆಟ್ಟಿಂಗ್‌ನಲ್ಲಿ ಓಡುತ್ತಿತ್ತು. ಆದರೆ ಸೈಬರ್‌ಪಂಕ್ 2077ಕ್ಕೆ ಈಗ ಕನಿಷ್ಠ ಜಿಟಿಎಕ್ಸ್ 1060 6 ಜಿಬಿ, 12 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಬೇಕು. ಡೂಮ್: ದ ಡಾರ್ಕ್ ಏಜಸ್ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲದೆ ತೆರೆಯುವುದೇ ಇಲ್ಲ. ಬೇಕಾದ ಆಟಗಳ ಪಟ್ಟಿ ಬರೆದು ಪ್ರತಿಯೊಂದರ ಕನಿಷ್ಠ ಅಗತ್ಯವನ್ನು ಎದುರಿಗೆ ಬರೆದರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಪಟ್ಟಿಯಲ್ಲಿ ಇರುವುದು ವ್ಯಾಲರಂಟ್, ಮೈನ್‌ಕ್ರಾಫ್ಟ್, ಹಳೆಯ ಜಿಟಿಎ 5 ಮಾತ್ರವಾದರೆ 2025ರ ಸೆಪ್ಟೆಂಬರಿನ ರೇಟಿನಲ್ಲಿ ಐದಾರು ಸಾವಿರಕ್ಕೆ ಕೆಲಸ ಮುಗಿಯುತ್ತಿತ್ತು. ಒಂದು ಎಚ್ಚರಿಕೆ: ವಿಂಡೋಸ್ 11ಕ್ಕೆ ಹೋದಮೇಲೆ ವ್ಯಾಲರಂಟ್‌ಗೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಆನ್ ಇರಬೇಕು.

ಸೆಪ್ಟೆಂಬರಿನಲ್ಲಿ ಮೊದಲು ಲ್ಯಾಪ್‌ಟಾಪ್ ಬಿಚ್ಚಿದೆವು. ಬಿಚ್ಚುವ ಮುಂಚೆ ಒಳಗೆ ಏನು ಹಿಡಿಯುತ್ತದೆ ಎಂದು ತಿಳಿಯಬೇಕು. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಎಸ್‌ಪಿಡಿ ಪುಟ ಯಾವ ಸ್ಲಾಟಿನಲ್ಲಿ ಯಾವ ರ‍್ಯಾಮ್ ಇದೆ ಎಂದು ಹೇಳುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲೂ ಎರಡರಲ್ಲಿ ಒಂದು ಸ್ಲಾಟ್ ಬಳಕೆಯಲ್ಲಿದೆ ಎಂದು ಬರುತ್ತದೆ, ಆದರೆ ಬೆಸುಗೆ ಹಾಕಿದ ರ‍್ಯಾಮನ್ನೂ ಅದು ಕೆಲವೊಮ್ಮೆ ಸ್ಲಾಟ್ ಎಂದೇ ಎಣಿಸುತ್ತದೆ. ಹಾಗಾಗಿ ಹಿಂಬದಿ ಮುಚ್ಚಳ ತೆಗೆದು ಕಣ್ಣಾರೆ ನೋಡದೆ ರ‍್ಯಾಮ್ ಕೊಳ್ಳಬೇಡಿ. ಎಲ್‌ಪಿಡಿಡಿಆರ್ (ಬೋರ್ಡಿಗೇ ಬೆಸುಗೆ ಹಾಕುವ ಬಗೆ) ಎಂದು ಬರೆದಿದ್ದರೆ ಆ ಲ್ಯಾಪ್‌ಟಾಪಿಗೆ ರ‍್ಯಾಮ್ ಸೇರಿಸುವ ಯೋಚನೆಯನ್ನು ಅಲ್ಲಿಗೇ ಬಿಡಬಹುದು.

ನಮ್ಮದು ಡಿಡಿಆರ್4, 260 ಪಿನ್ನಿನ ಸೋಡಿಮ್ (ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮ್ ಕಡ್ಡಿ), ಒಂದು ಸ್ಲಾಟ್ ಖಾಲಿ. 3200ರ ಕಡ್ಡಿ ಹಾಕಿದರೂ ಈ ಪ್ರೊಸೆಸರ್ ಅದನ್ನು 2133ರಲ್ಲೇ ಓಡಿಸುತ್ತದೆ, ಅದರಿಂದ ತೊಂದರೆಯಿಲ್ಲ. ಕಡ್ಡಿಯಂಥ ಎಸ್‌ಎಸ್‌ಡಿ ಹಾಕುವ ಎಂ.2 ಸ್ಲಾಟೂ ಇತ್ತು, ಮೋಸ ಇದ್ದದ್ದು ಅಲ್ಲೇ. ಆ ಕಾಲದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಂ.2 ಸ್ಲಾಟ್ ಸಾಟಾ ಎಂಬ ಹಳೆಯ ಬಗೆಯದನ್ನು ಮಾತ್ರ ಓದುತ್ತದೆ. ಹೊಸ ಬಗೆಯ, ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಅದರೊಳಗೆ ಕೂತರೂ ಬಯಾಸಿನಲ್ಲಿ (ವಿಂಡೋಸ್‌ಗೂ ಮುಂಚೆ ಏಳುವ ಬೋರ್ಡಿನ ಸ್ವಂತ ತಂತ್ರಾಂಶದಲ್ಲಿ) ಕಾಣುವುದಿಲ್ಲ. ಅನುಮಾನ ಇದ್ದವರು ನಾವು ಮಾಡಿದಂತೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು ಹಾರ್ಡ್‌ಡಿಸ್ಕಿನ ಜಾಗಕ್ಕೇ ಹಾಕಿ. 5400 ಆರ್‌ಪಿಎಂ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸು ಓದಿದರೆ ಸಾಟಾ ಎಸ್‌ಎಸ್‌ಡಿ 550 ಎಂಬಿವರೆಗೆ ಓದುತ್ತದೆ. ನಿಜವಾದ ವ್ಯತ್ಯಾಸ ಇರುವುದು ಚಿಲ್ಲರೆ ಚಿಲ್ಲರೆ ಫೈಲು ಓದುವುದರಲ್ಲಿ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲದ್ದರಿಂದ ಕಾಯುವ ಮಾತೇ ಇಲ್ಲ.

ಬಿಚ್ಚುವಾಗ ಸ್ಕ್ರೂಗಳು ಒಂದೇ ಉದ್ದದವಲ್ಲ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬಿಡಿಸಿ, ಯಾವ ತೂತಿನ ಸ್ಕ್ರೂ ಅಲ್ಲೇ ಟೇಪ್ ಹಚ್ಚಿ ಅಂಟಿಸಿ. ಉದ್ದನೆಯದು ಗಿಡ್ಡದ ಜಾಗಕ್ಕೆ ಹೋದರೆ ಕೀಬೋರ್ಡಿನ ಕಡೆ ಉಬ್ಬುತ್ತದೆ. ರಬ್ಬರ್ ಪಾದದ ಅಡಿಯಲ್ಲೂ ಸ್ಕ್ರೂ ಅಡಗಿರುತ್ತದೆ. ಮುಚ್ಚಳ ಬಾರದಿದ್ದರೆ ಬಲ ಹಾಕುವ ಬದಲು ಅದನ್ನು ಹುಡುಕಿ. ಕ್ಲಿಪ್ ಬಿಡಿಸಲು ಹಳೆಯ ಎಟಿಎಂ ಕಾರ್ಡ್ ಸಾಕು. ಒಳಗೆ ಕೈ ಹಾಕುವ ಮುಂಚೆ ಬ್ಯಾಟರಿಯ ಕೇಬಲ್ ಕೀಳಬೇಕು.

ನಮ್ಮದರ ಫ್ಯಾನ್ ಬಾಯಲ್ಲಿ ಕಂಬಳಿಯಂತೆ ಧೂಳು ಕೂತಿತ್ತು. ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಶ್ ಆಡಿಸಿದ್ದು, ಪ್ರೊಸೆಸರಿನ ಮೇಲಿನ ಹಳೆಯ ಪೇಸ್ಟ್ ಒರೆಸಿ, ಶಾಖ ಸಾಗಿಸುವ ಹೊಸ ಥರ್ಮಲ್ ಪೇಸ್ಟ್ ಕಾಳಿನಷ್ಟು ಇಟ್ಟದ್ದು. ಇಷ್ಟಕ್ಕೇ ಆಟದ ಹೊತ್ತಿನ ಶಾಖ 94ರಿಂದ 81 ಡಿಗ್ರಿಗೆ ಇಳಿಯಿತು. ಶಾಖ ನೋಡಲು ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶ ಬಳಸಿದೆವು. ಎಷ್ಟೋ ಲ್ಯಾಪ್‌ಟಾಪ್ ನಿಧಾನವಾಗುವುದು ಕಾದ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುವುದರಿಂದ. ಪೇಸ್ಟ್ ಬಿಟ್ಟು ಬೇರೇನೂ ಕೊಳ್ಳದೆ ಮೊದಲು ಇದನ್ನು ಮಾಡಿ ನೋಡಬಹುದು.

ಖರ್ಚು: 500 ಜಿಬಿ ಎಸ್‌ಎಸ್‌ಡಿ ₹3,100, 8 ಜಿಬಿ ರ‍್ಯಾಮ್ ₹1,900, ಪೇಸ್ಟ್ ₹350. ಹಳೆಯ ಡಿಸ್ಕನ್ನು ನಕಲು ಮಾಡದೆ ಹೊಸದಾಗಿ ವಿಂಡೋಸ್ ಹಾಕಿದೆವು, ಎಂಟು ವರ್ಷದ ಕಸವನ್ನು ಹೊಸ ಮನೆಗೆ ಸಾಗಿಸುವುದೇಕೆ? ಬೂಟ್ ಆಗುವುದು 15 ಸೆಕೆಂಡಿಗೆ ಬಂತು. ವ್ಯಾಲರಂಟ್‌ನಲ್ಲಿ ನಡುನಡುವೆ ಹಿಡಿಯುತ್ತಿದ್ದದ್ದು ನಿಂತಿತು. ಸೈಬರ್‌ಪಂಕ್ ಎಲ್ಲಿತ್ತೋ ಅಲ್ಲೇ ಇತ್ತು. 16 ಜಿಬಿ ಅಲ್ಲ, 32 ಹಾಕಿದ್ದರೂ 940ಎಂಎಕ್ಸ್ 940ಎಂಎಕ್ಸೇ.

ಇಲ್ಲಿಂದ ಎರಡನೇ ಅಧ್ಯಾಯ. ಗೇಮಿಂಗ್ ಲ್ಯಾಪ್‌ಟಾಪ್ ಸಾಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಹಾಸ್ಟೆಲಿನವರಿಗೆ, ಊರಿಗೂ ಮುಂಬೈಗೂ ಓಡಾಡುವವರಿಗೆ ಅದೇ ಸರಿ. ಆದರೆ ಹೆಸರು ನೋಡಿ ಮರುಳಾಗಬಾರದು. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4070ಗೆ 12 ಜಿಬಿ ಮೆಮೊರಿ, ಲ್ಯಾಪ್‌ಟಾಪಿನ 4070ಗೆ 8 ಜಿಬಿ. ಅದೇ ಲ್ಯಾಪ್‌ಟಾಪ್ ಚಿಪ್ಪನ್ನು ಒಬ್ಬ ತಯಾರಕ 60 ವ್ಯಾಟಿನಲ್ಲಿ ಓಡಿಸಿದರೆ ಇನ್ನೊಬ್ಬ 115ರಲ್ಲಿ ಓಡಿಸುತ್ತಾನೆ, ಹೊರಗಿನ ಸ್ಟಿಕ್ಕರ್ ಮಾತ್ರ ಒಂದೇ. ಟಿಜಿಪಿ, ಅಂದರೆ ಗ್ರಾಫಿಕ್ಸಿಗೆ ಸಿಗುವ ವ್ಯಾಟ್, ಎಷ್ಟು ಎಂದು ಕೇಳಿ. ಹೇಳಲು ತಡವರಿಸಿದರೆ ಮುಂದಿನ ಅಂಗಡಿಗೆ ಹೋಗಿ. ನಮಗೆ ಯಂತ್ರ ಮನೆಯಲ್ಲೇ ಕೂರುವುದರಿಂದ ಅಸೆಂಬಲ್ ಮಾಡಿದ ಡೆಸ್ಕ್‌ಟಾಪ್ ಎಂದು ನಿಶ್ಚಯವಾಯಿತು. ಮೂರು ವರ್ಷದ ಮೇಲೆ ಕಾರ್ಡ್ ಒಂದನ್ನೇ ಬದಲಿಸಬಹುದು ಎಂಬುದೇ ಅದರ ದೊಡ್ಡ ಗುಣ.

ಮುಂಬೈಯ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಮೊದಲ ಸಲ ಹೋದದ್ದು ಭಾನುವಾರ. ಬಹುತೇಕ ಶಟರ್ ಎಳೆದಿತ್ತು. ವಾರದ ದಿನ, ಹನ್ನೊಂದರ ಮೇಲೆ ಹೋಗಿ. ದಾದರಿನಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ ಗ್ರಾಂಟ್ ರೋಡಿನಲ್ಲಿ ಪೂರ್ವಕ್ಕೆ ಇಳಿದರೆ ನಡೆದೇ ಹೋಗಬಹುದು. ಬೋರ್ಡುಗಳಲ್ಲಿ ಡಾ. ಭಡಕಮ್ಕರ್ ಮಾರ್ಗ ಎಂದಿರುತ್ತದೆ, ಆ ಹೆಸರು ಹಿಡಿದು ಕೇಳಿದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ.

ಎರಡನೇ ಸಲ ನಾಲ್ಕು ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಂಡೆವು. ಒಂದರಲ್ಲಿ ಕೌಂಟರಿನವರು ನಮ್ಮ ಮಾತು ಕೇಳಿ "ಊರಲ್ಲಿ ಎಲ್ಲಾಯ್ತು?" ಎಂದರು. ಕಾಸರಗೋಡು ಕಡೆಯವರು. ರೇಟಿನಲ್ಲಿ ಹೆಚ್ಚೇನೂ ಬಿಡಲಿಲ್ಲ, ಬುದ್ಧಿಮಾತು ಒಳ್ಳೆಯದು ಕೊಟ್ಟರು: "ಪಕ್ಕಾ ಬಿಲ್ಲಲ್ಲೇ ತಗೊಳ್ಳಿ ಸರ್. ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬಿಲ್ಲಲ್ಲಿ ಬರೀಲಿ. ನಾಳೆ ಕಾರ್ಡ್ ಹೋದ್ರೆ ಅಂಗಡಿ ಅಲ್ಲ, ಆ ನಂಬರೇ ನಿಮ್ಮನ್ನ ಕಾಯೋದು." ಬಿಲ್ ಇಲ್ಲದೆ ಕೊಟ್ಟರೆ ಕಡಿಮೆ ಎನ್ನುವವರು ಸಾಲಾಗಿ ಸಿಗುತ್ತಾರೆ. ಮೂರು ವರ್ಷದ ವಾರಂಟಿ ಇರುವ ವಸ್ತುವಿಗೆ ಆ ಉಳಿತಾಯ ದುಬಾರಿ. ಜಿಎಸ್‌ಟಿ ಇಳಿದಿದೆ, ಅದಕ್ಕೇ ಈ ರೇಟು ಎಂದೂ ಒಬ್ಬರು ಹೇಳಿದರು. 2025ರ ಸೆಪ್ಟೆಂಬರ್ 22ರ ಬದಲಾವಣೆಯಲ್ಲಿ ಇಳಿದದ್ದು 32 ಇಂಚಿಗಿಂತ ದೊಡ್ಡ ಮಾನಿಟರ್, ಟಿವಿಗಳ ತೆರಿಗೆ. ಕಂಪ್ಯೂಟರ್, ಲ್ಯಾಪ್‌ಟಾಪ್ ಹಿಂದೆಯೂ ಶೇ. 18, ಈಗಲೂ ಅಷ್ಟೇ.

ದೀಪಾವಳಿ ಕಳೆದರೆ ರೇಟು ಇಳಿಯುತ್ತದೆ ಎಂದು ಕಾದೆವು. ಇಡೀ ಪ್ರಕರಣದ ದೊಡ್ಡ ತಪ್ಪು ಇದೇ. ಎಐ ಡೇಟಾ ಸೆಂಟರುಗಳ ಬೇಡಿಕೆಗೆ ಮೆಮೊರಿ ಕಂಪನಿಗಳು ವಾಲಿದ್ದರಿಂದ ವರ್ಷದ ಕೊನೆಗೆ ರ‍್ಯಾಮಿನ ಬೆಲೆ ಹುಚ್ಚೆದ್ದು ಏರಿತು. ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ನಮ್ಮ ಮೊದಲ ಚೀಟಿಯಲ್ಲಿ ₹3,400 ಇದ್ದ 16 ಜಿಬಿ ಡಿಡಿಆರ್4 ಜೋಡಿ ಡಿಸೆಂಬರಿನಲ್ಲಿ ₹9,200. ಡಿಡಿಆರ್5 ಬೆಲೆ ಕೇಳಿಯೇ ಹಿಂದೆ ಸರಿದೆವು. ಡಿಡಿಆರ್5 ಮಾತ್ರ ಹಿಡಿಯುವ ಎಎಂ5 ಸಾಕೆಟಿನ ರೈಜೆನ್ ಬಿಟ್ಟು, ಡಿಡಿಆರ್4 ಹಿಡಿಯುವ ಹಳೆಯ ಎಎಂ4ಕ್ಕೆ ಇಳಿದದ್ದು ಅದರಿಂದಲೇ. ಲ್ಯಾಪ್‌ಟಾಪಿನ ರ‍್ಯಾಮನ್ನೇ ಕಿತ್ತು ಹಾಕಬಾರದೇ ಎಂಬ ಯೋಚನೆ ಬಂದವರಿಗೆ: ಸೋಡಿಮ್ ಗಿಡ್ಡದು, ಡೆಸ್ಕ್‌ಟಾಪ್ ಸ್ಲಾಟಿನಲ್ಲಿ ಕೂರುವುದಿಲ್ಲ. ಸಾಟಾ ಎಸ್‌ಎಸ್‌ಡಿ ಮಾತ್ರ ಎರಡೂ ಕಡೆ ನಡೆಯುತ್ತದೆ.

ಕೊನೆಗೆ ಕೊಂಡದ್ದು: ರೈಜೆನ್ 5 5600 ₹10,200, ಬಿ550ಎಂ ಬೋರ್ಡ್ ₹8,700, ರ‍್ಯಾಮ್ ₹9,200, 1 ಟಿಬಿ ಎನ್‌ವಿಎಂಇ ₹7,400, ಆರ್‌ಟಿಎಕ್ಸ್ 5060 8 ಜಿಬಿ ₹30,500, 550 ವ್ಯಾಟಿನ ಬ್ರಾಂಝ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ) ₹4,200, ಕ್ಯಾಬಿನೆಟ್ ₹3,600, 24 ಇಂಚಿನ ಮಾನಿಟರ್ ₹9,800, ಕೀಬೋರ್ಡ್, ಮೌಸ್ ₹1,900, ಯುಪಿಎಸ್ ₹5,300. ಒಟ್ಟು ₹90,800. ವಿಂಡೋಸ್ ಲೈಸೆನ್ಸ್ ಬೇರೆ. ಲ್ಯಾಪ್‌ಟಾಪಿನ ಜೊತೆ ಬಂದ ಲೈಸೆನ್ಸ್ ಹೊಸ ಯಂತ್ರಕ್ಕೆ ವರ್ಗವಾಗುವುದಿಲ್ಲ.

ಪ್ರತಿ ಆಯ್ಕೆಗೂ ಕಾರಣ ಇದೆ. 5600ಜಿ ಕೊಡುತ್ತೇವೆ, ಗ್ರಾಫಿಕ್ಸ್ ಒಳಗೇ ಇದೆ ಎಂದು ಎರಡು ಅಂಗಡಿಯಲ್ಲಿ ಹೇಳಿದರು. ಬೇರೆ ಕಾರ್ಡ್ ಹಾಕುವವರಿಗೆ ಅದು ಬೇಡ: ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 5600ರಲ್ಲಿ 32 ಎಂಬಿ ಇದ್ದರೆ ಅದರಲ್ಲಿ 16, ಮೇಲಾಗಿ ಕಾರ್ಡಿಗೆ ಹೋಗುವ ದಾರಿ ಅದರಲ್ಲಿ ಹಳೆಯ ಪಿಸಿಐಇ 3.0. ಆರ್‌ಟಿಎಕ್ಸ್ 5060 ಎಂಟೇ ಲೇನ್ ಬಳಸುವ ಕಾರ್ಡ್. 3.0ಗೆ ಇಳಿದರೆ ದಾರಿ ಇನ್ನೂ ಕಿರಿದಾಗಿ, 8 ಜಿಬಿ ತುಂಬಿ ತುಳುಕುವ ಆಟದಲ್ಲಿ ತಡವರಿಸುತ್ತದೆ. 3.0 ಮಾತ್ರ ಇರುವ ಬಿ450 ಬೋರ್ಡಿನ ಬದಲು ಬಿ550 ತೆಗೆದದ್ದೂ ಅದಕ್ಕೇ. ಬಿ450 ಬೋರ್ಡ್ ಹಳೆಯ ಸ್ಟಾಕ್ ಆಗಿದ್ದರೆ 5600 ಗುರುತಿಸಲು ಮೊದಲು ಬಯಾಸ್ ಅಪ್‌ಡೇಟ್ ಮಾಡಬೇಕಾಗುತ್ತದೆ. ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಎಂದರೆ ಕ್ಯಾಬಿನೆಟ್ ಮಾತ್ರ ತೆಗೆದುಕೊಳ್ಳಿ. ಮೂವತ್ತು ಸಾವಿರದ ಕಾರ್ಡಿಗೆ ಊಟ ಬಡಿಸುವುದು ಆ ಡಬ್ಬಿ.

ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿಯೇ ತಂದೆವು. ಅಂಗಡಿಯಲ್ಲೇ ಜೋಡಿಸಿ ಟ್ಯಾಕ್ಸಿಯಲ್ಲಿ ತರುವಾಗ ಗುಂಡಿಗೊಂದು ಕುಲುಕಿಗೆ ಭಾರದ ಕಾರ್ಡ್ ಸ್ಲಾಟನ್ನು ಎಳೆಯುತ್ತದೆ. ಜೋಡಿಸಿಯೇ ತರುವುದಾದರೆ ಕಾರ್ಡನ್ನು ಬಿಚ್ಚಿ ಅದರ ಪೆಟ್ಟಿಗೆಯಲ್ಲಿ ತನ್ನಿ. ಮಧ್ಯಾಹ್ನ ಒಂದರ ಲೋಕಲ್, ಲಗೇಜ್ ಡಬ್ಬಿ, ಇಬ್ಬರು. ಸಂಜೆ ಐದರ ಮೇಲೆ ಈ ಸಾಹಸ ಬೇಡ.

ಜೋಡಣೆಗೆ ಐದು ಗಂಟೆ ಹಿಡಿಯಿತು, ಅದರಲ್ಲಿ ಎರಡು ನಮ್ಮದೇ ಕೃಪೆ. ಎಎಂ4 ಪ್ರೊಸೆಸರಿನ ಅಡಿಯಲ್ಲಿ ಪಿನ್ನುಗಳಿರುತ್ತವೆ. ಮೂಲೆಯ ಚಿನ್ನದ ತ್ರಿಕೋನಕ್ಕೆ ಸಾಕೆಟಿನ ತ್ರಿಕೋನ ಹೊಂದಿಸಿದರೆ ತಾನೇ ಇಳಿಯುತ್ತದೆ, ಒತ್ತಬಾರದು. ಜೊತೆಗೆ ಬರುವ ಕೂಲರಿಗೆ ಸಾಕೆಟಿನ ಪಕ್ಕದ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು. ಆಗ ಹಿಂದಿನ ಲೋಹದ ತಗಡು ಕಳಚಿ ಬೀಳುತ್ತದೆ, ಒಬ್ಬರು ಅದನ್ನು ಹಿಡಿದಿರಿ. ನಾಲ್ಕು ಸ್ಕ್ರೂಗಳನ್ನು ಎದುರು-ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಪೇಸ್ಟ್ ಮೊದಲೇ ಹಚ್ಚಿರುತ್ತದೆ. ರ‍್ಯಾಮ್ ಜೋಡಿ ಪ್ರೊಸೆಸರಿನಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ. ಎಸ್‌ಎಸ್‌ಡಿ ಪ್ರೊಸೆಸರಿಗೆ ಹತ್ತಿರದ ಎಂ.2 ಸ್ಲಾಟಿಗೆ. ಹೀಟ್‌ಸಿಂಕಿನ ಅಡಿಯ ಪ್ಲಾಸ್ಟಿಕ್ ಹಾಳೆ ಸುಲಿಯಲು ಮರೆಯಬೇಡಿ.

ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪು. ಎದೆ ಧಸಕ್ಕೆಂದಿತು. ಎಚ್‌ಡಿಎಂಐ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚಿದ್ದೆವು. 5600ಗೆ ಸ್ವಂತ ಗ್ರಾಫಿಕ್ಸ್ ಇಲ್ಲ, ಆ ಪೋರ್ಟಿನಿಂದ ಏನೂ ಬಾರದು. ಕಾರ್ಡಿಗೆ ಹಾಕಿದರೂ ಬರಲಿಲ್ಲ: ಕಾರ್ಡಿನ 8 ಪಿನ್ ಕೇಬಲ್ ಟಕ್ ಎನ್ನುವವರೆಗೆ ಕೂತಿರಲಿಲ್ಲ. ಬೋರ್ಡಿನ ಅಂಚಿನಲ್ಲಿ ಸಿಪಿಯು (ಪ್ರೊಸೆಸರ್), ಡ್ರಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್) ಎಂಬ ಪುಟ್ಟ ದೀಪಗಳಿದ್ದರೆ ಯಾವುದು ಉರಿದೇ ಇದೆ ಎಂದು ನೋಡಿ, ಹುಡುಕಾಟ ಅಲ್ಲಿಂದಲೇ ಶುರು ಮಾಡಬಹುದು.

ಆಮೇಲೆ ವಿಂಡೋಸ್ 11 ಇಂಟರ್ನೆಟ್ ಕೇಳಿತು. ಬೋರ್ಡಿಗೆ ವೈ-ಫೈ ಇರಲಿಲ್ಲ, ಕೊಳ್ಳುವಾಗ ಯಾರಿಗೂ ಹೊಳೆದಿರಲಿಲ್ಲ. ಫೋನನ್ನು ಯುಎಸ್‌ಬಿಗೆ ಚುಚ್ಚಿ ಟೆದರಿಂಗ್ ಮಾಡಿ ದಾಟಿದೆವು. ಮಾರನೇ ದಿನ ₹700ರ ಡಾಂಗಲ್ ಬಂತು. ರ‍್ಯಾಮ್ ತಾನಾಗಿ ತನ್ನ ಪೂರ್ತಿ ವೇಗಕ್ಕೆ ಬರುವುದಿಲ್ಲ, ಬಯಾಸಿನಲ್ಲಿ ಎಕ್ಸ್‌ಎಂಪಿ ಆನ್ ಮಾಡಿದಮೇಲೇ 3200. ಮಾನಿಟರೂ ಹಾಗೇ. 180 ಹರ್ಟ್ಝ್‌ನದು ಎಂದು ದುಡ್ಡು ಕೊಟ್ಟು ಎರಡು ವಾರ 60ರಲ್ಲೇ ಆಡಿದ್ದಾಯಿತು. ಡಿಸ್‌ಪ್ಲೇ ಸೆಟ್ಟಿಂಗಿನ ಅಡ್ವಾನ್ಸ್ಡ್ ಪುಟದಲ್ಲಿ ಬದಲಿಸಬೇಕು. ಎಚ್‌ಡಿಎಂಐನಲ್ಲಿ ನಮ್ಮದು 144ಕ್ಕೇ ನಿಂತಿತು, ಡಿಸ್‌ಪ್ಲೇ ಪೋರ್ಟ್ ಕೇಬಲ್ ಹಾಕಿದಮೇಲೆ 180 ಬಂತು.

ಯಾರೂ ಹೇಳದ ಸಂಗತಿ ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತಿತ್ತು. ಎಸ್‌ಎಂಪಿಎಸ್ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಹೊರಟಿದ್ದೆವು. ಕೆಟ್ಟದ್ದು ಗೋಡೆಯ ಸಾಕೆಟ್, ಮೂರನೇ ತೂತಿಗೆ ತಂತಿಯೇ ಇರಲಿಲ್ಲ. ಎಸ್‌ಎಂಪಿಎಸ್‌ನ ಒಳಗೆ ಗದ್ದಲ ಸೋಸುವ ಕೆಪಾಸಿಟರುಗಳು ಲೈನಿನಿಂದ ಕ್ಯಾಬಿನೆಟ್ಟಿಗೆ ಅತಿ ಸಣ್ಣ ಕರೆಂಟ್ ಬಿಡುತ್ತವೆ. ಅರ್ಥ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಬೆರಳಿಗೆ. ಎಲೆಕ್ಟ್ರಿಷಿಯನ್ ಮೀಟರಿನಲ್ಲಿ ಅಳೆಯಲಿ: ಫೇಸ್‌ಗೂ ಅರ್ಥ್‌ಗೂ ನಡುವೆ 230 ವೋಲ್ಟ್ ಆಸುಪಾಸು, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಒಂದೆರಡು ವೋಲ್ಟ್ ಬರಬೇಕು. ಹಳೆಯ ಬಿಲ್ಡಿಂಗಿನವರು ಕಂಪ್ಯೂಟರ್ ಬರುವ ಮುಂಚೆಯೇ ಇದನ್ನು ಮಾಡಿಸಿ.

ಯುಪಿಎಸ್ 600 ವಿಎ ಸಾಲದು. ಕಾರ್ಡಿಗೆ 145 ವ್ಯಾಟ್, ಪ್ರೊಸೆಸರಿಗೆ 76, ಉಳಿದದ್ದು ಮತ್ತು ಮಾನಿಟರ್ ಸೇರಿ 290 ವ್ಯಾಟ್ ದಾಟುತ್ತದೆ. 600 ವಿಎ ಎಂದರೆ ಸುಮಾರು 360 ವ್ಯಾಟ್. ಕರೆಂಟ್ ಹೋದ ಕ್ಷಣದ ಎಳೆತಕ್ಕೆ ಅದೇ ಕೈಕೊಡುತ್ತದೆ. ನಮ್ಮದು 1000 ವಿಎ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 27 ಯೂನಿಟ್, ಲ್ಯಾಪ್‌ಟಾಪಿನಲ್ಲಿ ಅದು ನಾಲ್ಕು. ಇಲ್ಲಿ 100 ಯೂನಿಟ್ ದಾಟಿದರೆ ದರದ ಹಂತ ಬದಲಾಗುತ್ತದೆ, ಹಿಂದಿನ ಬಿಲ್ ತೆಗೆದು ನೋಡಿ.

ಲ್ಯಾಪ್‌ಟಾಪ್ ಈಗ ಬರವಣಿಗೆ, ಬ್ಯಾಂಕಿನ ಕೆಲಸಕ್ಕೆ. 2026ರ ಅಕ್ಟೋಬರ್ ಕಳೆದಮೇಲೆ ಅದಕ್ಕೆ ಲಿನಕ್ಸ್. ಕಿತ್ತ ಹಾರ್ಡ್‌ಡಿಸ್ಕ್ ₹400ರ ಯುಎಸ್‌ಬಿ ಕೇಸಿನಲ್ಲಿ ಕೂತು ಬ್ಯಾಕಪ್‌ಗೆ ಆಯಿತು. ಕಾರ್ಡ್, ಬೋರ್ಡ್, ಎಸ್‌ಎಂಪಿಎಸ್‌ನ ಖಾಲಿ ಪೆಟ್ಟಿಗೆಗಳನ್ನು ಬಿಸಾಡಲಿಲ್ಲ. ಸೀರಿಯಲ್ ನಂಬರಿನ ಸ್ಟಿಕ್ಕರ್ ಅವುಗಳ ಮೇಲೂ ಇದೆ, ವಾರಂಟಿಗೆ ಕಳಿಸುವಾಗ ಅದರಲ್ಲೇ ಕಳಿಸಿದರೆ ಕ್ಷೇಮ. ಒಂದು ಬಿಎಚ್‌ಕೆಯಲ್ಲಿ ಅವಕ್ಕೆ ಸಿಕ್ಕ ಜಾಗ ಮಂಚದ ಕೆಳಗೆ, ಅಕ್ಕಿ ಡಬ್ಬದ ಪಕ್ಕ. ಬಿಲ್ಲಿನ ಶಾಯಿ ಆರು ತಿಂಗಳಲ್ಲಿ ಮಾಸುತ್ತದೆ ಎಂದು ಕೇಳಿದ್ದರಿಂದ ಅದರ ಫೋಟೋ ಮಾತ್ರ ಮೂರು ಕಡೆ ಇದೆ.